ಆಕಾಶದ ಸರ್ಪಗಳು ಮತ್ತು ಅವುಗಳ ನೀಹಾರಿಕೆಗಳು

ಮಾನವನು ಎಲ್ಲಿ ನೆಲಸಿದನೋ ಅಲ್ಲಿ ಹಾವನ್ನು ಕಂಡನು. ಕಂಡು ಅಂಜಿದನು, ಅಂಜಿ ಪೂಜಿಸಿದನು. ಹೊಲದ ಬದುವಿನ ಹುತ್ತಕ್ಕೆ ಹಾಲೆರೆದವನೇ ರಾತ್ರಿ ತಲೆಯೆತ್ತಿ ನೋಡಿ ನಕ್ಷತ್ರಗಳ ನಡುವೆಯೂ ಹಾವನ್ನು ಗುರುತಿಸಿದನು. ನಮ್ಮ ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳೆಯು ನಾಗರಪಂಚಮಿಗಾಗಿ ದೇಶದಲ್ಲೆಲ್ಲ ಹೆಸರಾಗಿದೆ. ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಪಂಚಮಿಯೆಂದರೆ ಮಣ್ಣಿನ ನಾಗಪ್ಪ, ಅಳ್ಳು, ಉಂಡಿ ಮತ್ತು ಜೋಕಾಲಿ. ಅದೇ ಶ್ರಾವಣದ ಆಸುಪಾಸಿನಲ್ಲಿ ನಮ್ಮ ರೈತರು ಆಶ್ಲೇಷಾ ಮಳೆಯ ದಾರಿ ಕಾಯುತ್ತಾರೆ. ಆ ಆಶ್ಲೇಷೆಯೂ ಒಂದು ಸರ್ಪವೇ ಎಂಬುದನ್ನು ಮಾತ್ರ ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಆದುದರಿಂದ ಈ ಲೇಖನದಲ್ಲಿ ನಮ್ಮ ಊರಿನಿಂದ ಚೆನ್ನಾಗಿ ಕಾಣುವ ಎರಡು ಆಕಾಶಸರ್ಪಗಳನ್ನು ಪರಿಚಯ ಮಾಡಿಕೊಳ್ಳೋಣ.

೧. ಆಶ್ಲೇಷೆ

ಇಂದಿನ ಖಗೋಲಶಾಸ್ತ್ರವು ಇಡಿಯ ಆಕಾಶವನ್ನು ೮೮ ತಾರಾಮಂಡಲಗಳಾಗಿ ವಿಂಗಡಿಸಿದೆ. ಇವುಗಳಲ್ಲಿ ಎಲ್ಲಕ್ಕೂ ವಿಸ್ತಾರವಾದುದು ಜಲಸರ್ಪಮಂಡಲ. ಅದರ ಹೆಡೆಯಲ್ಲಿರುವ ಐದಾರು ಚಿಕ್ಕ ನಕ್ಷತ್ರಗಳ ಗುಂಪೇ ನಮ್ಮ ಆಶ್ಲೇಷಾ ನಕ್ಷತ್ರ. ಆಶ್ಲೇಷವೆಂದರೆ ಅಪ್ಪುಗೆ, ಸುತ್ತಿಕೊಳ್ಳುವಿಕೆ. ವೇದಕಾಲದಿಂದಲೂ ಇದಕ್ಕೆ ಸರ್ಪಗಳೇ ದೇವತೆಗಳು. ಗ್ರೀಕರೂ ಇದೇ ಗುಂಪಿನಲ್ಲಿ ಹಾವಿನ ತಲೆಯನ್ನು ಕಂಡದ್ದು ಗಮನಿಸತಕ್ಕ ಸಂಗತಿ. ಮಾರ್ಚ್ ತಿಂಗಳ ಉತ್ತರಾರ್ಧದಲ್ಲಿ ರಾತ್ರಿ ಒಂಬತ್ತು ಗಂಟೆಗೆ ಇದು ಸಾಂಗಲಿ-ಮಿರಜಗಳ ನೆತ್ತಿಯ ಮೇಲೆ, ತುಸು ದಕ್ಷಿಣಕ್ಕೆ ವಾಲಿ ನಿಲ್ಲುತ್ತದೆ. ಇದರ ಉತ್ತರಕ್ಕೆ ಪುಷ್ಯ, ಪೂರ್ವಕ್ಕೆ ಮಘೆ.

ಇಲ್ಲಿ ಪಾಲಕರಿಗೆ ಒಂದು ಮಾತು ಹೇಳುವದು ಅವಶ್ಯವಾಗಿದೆ. ಆಶ್ಲೇಷೆಯಲ್ಲಿ ಹುಟ್ಟಿದ ಕನ್ಯೆಯು ಅತ್ತೆಗೆ ಆಗುವದಿಲ್ಲವೆಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಅಳಿದಿಲ್ಲ. ಗುಣವಂತೆಯರಾದ ಹುಡುಗಿಯರ ಲಗ್ನದ ಮಾತುಕತೆಗಳು ಈ ಒಂದು ಹೆಸರಿನಿಂದ ನಿಂತುಹೋದುದನ್ನು ನಾನು ಕಂಡಿದ್ದೇನೆ. ಇದನ್ನು ಗಣಿತದಿಂದ ಪರೀಕ್ಷಿಸೋಣ. ಆಶ್ಲೇಷೆಯಲ್ಲಿ ಹುಟ್ಟುವದೆಂದರೆ, ಹುಟ್ಟಿದ ಹೊತ್ತಿಗೆ ಚಂದ್ರನು ಆಕಾಶದ ಆ ಭಾಗದಲ್ಲಿ ಇದ್ದನೆಂದು ಅರ್ಥ, ಅಷ್ಟೇ. ನಕ್ಷತ್ರಗಳು ೨೭, ಚಂದ್ರನು ಪ್ರತಿಯೊಂದರಲ್ಲಿ ಸುಮಾರು ಒಂದು ದಿನ ಇರುವನು. ಹಾಗಾದರೆ ೫೪೦ ಮಕ್ಕಳಿರುವ ಶಾಲೆಯಲ್ಲಿ ಸರಾಸರಿ ೨೦ ಮಕ್ಕಳು ಆಶ್ಲೇಷೆಯವರು; ಅವರಲ್ಲಿ ಹತ್ತು ಜನ ಹುಡುಗಿಯರು. ಪ್ರತಿ ಊರಿನಲ್ಲಿಯೂ ಇಷ್ಟೊಂದು ಅತ್ತೆಯರಿಗೆ ಕೇಡು ಕಾದಿದೆಯೆಂದು ನಂಬಲು ಸಾಧ್ಯವೇ?

ಇನ್ನು ದೂರದ ಲೆಕ್ಕ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರಕ್ಕೆ ಜ್ಯೋತಿರ್ವರ್ಷವೆಂದು ಹೆಸರು. ಅದು ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರು. ಚಂದ್ರನ ಬೆಳಕು ನಮ್ಮನ್ನು ಮುಟ್ಟಲು ಒಂದೂಕಾಲು ಸೆಕೆಂಡು ಸಾಕು. ಆಶ್ಲೇಷೆಯ ತಾರೆಗಳಲ್ಲಿ ಒಂದು ಸುಮಾರು ೧೩೦ ಜ್ಯೋತಿರ್ವರ್ಷ ದೂರವಿದ್ದರೆ ಇನ್ನೊಂದು ೫೦೦ಕ್ಕೂ ಮೇಲ್ಪಟ್ಟು ದೂರವಿದೆ. ನಮ್ಮ ಕಣ್ಣಿಗೆ ಒಂದೇ ಹೆಡೆಯಾಗಿ ತೋರುವ ಅವು ಒಂದರ ಬದಿಗೆ ಒಂದು ಇಲ್ಲವೇ ಇಲ್ಲ. ಸರ್ಪದ ಆಕಾರವು ನೋಡುವವನ ಕಲ್ಪನೆ, ಅದಕ್ಕೆ ವಿಷವಿಲ್ಲ. ಪೂರ್ವಜರು ಕಾಲಗಣನೆಗಾಗಿ ಇಟ್ಟ ಹೆಸರನ್ನು ಗೌರವಿಸೋಣ; ಅದನ್ನು ಹೆಣ್ಣುಮಗಳ ಕೊರಳಿಗೆ ಸುತ್ತುವದು ಬೇಡ.

೨. ಎರಡು ತುಂಡಾದ ಸರ್ಪ

ಎರಡನೆಯದು ಸರ್ಪಮಂಡಲ. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯು ಬರೆದಿಟ್ಟ ೪೮ ಮಂಡಲಗಳಲ್ಲಿ ಇದೂ ಒಂದು. ೮೮ರಲ್ಲಿ ಎರಡು ಬಿಡಿ ಭಾಗಗಳಾಗಿರುವ ಮಂಡಲ ಇದೊಂದೇ. ನಡುವೆ ಉರಗಧರನೆಂಬ ಪುರುಷನು ಹಾವನ್ನು ಹಿಡಿದು ನಿಂತಿರುವನೆಂದು ಕಲ್ಪನೆ. ಅವನ ಪಶ್ಚಿಮಕ್ಕೆ ಸರ್ಪಶಿರ, ಪೂರ್ವಕ್ಕೆ ಸರ್ಪಪುಚ್ಛ. ಗ್ರೀಕರ ಕಥೆಯಲ್ಲಿ ಈ ಪುರುಷನು ವೈದ್ಯರ ಮೂಲಪುರುಷನಾದ ಅಸ್ಕ್ಲೇಪಿಯಸ್. ಕೋಲಿಗೆ ಸುತ್ತಿದ ಅವನ ಹಾವೇ ಇಂದಿಗೂ ವೈದ್ಯವೃತ್ತಿಯ ಲಾಂಛನ. ಆಸ್ಪತ್ರೆಗಳಿಗೆ ಹೆಸರಾದ ಮಿರಜದ ಮಕ್ಕಳಿಗೆ ಈ ಚಿಹ್ನೆಯ ಗುರುತು ಬೇರೆ ಹೇಳಬೇಕಾಗಿಲ್ಲ.

ಸರ್ಪಶಿರದ ಅತಿ ಪ್ರಕಾಶಮಾನವಾದ ತಾರೆಗೆ ಉನುಕಲ್‌ಹೈ ಎಂದು ಹೆಸರು. ಇದು ಅರಬ್ಬೀ ಮಾತು. ಹಾವಿನ ಕೊರಳು ಎಂದರ್ಥ. ಸರ್ಪಪುಚ್ಛದ ತುದಿಯು ಗರುಡಮಂಡಲದ ಎಲ್ಲೆಯವರೆಗೆ ಹೋಗಿದೆ. ವಿಷ್ಣುವನ್ನು ದೇವತೆಯಾಗಿ ಉಳ್ಳ ನಮ್ಮ ಶ್ರವಣ ನಕ್ಷತ್ರವು ಆ ಗರುಡಮಂಡಲದಲ್ಲಿಯೇ ಇದೆ. ಪುರಾಣದ ವೈರಿಗಳಿಬ್ಬರು ಆಕಾಶದಲ್ಲಿ ನೆರೆಹೊರೆಯವರಾಗಿದ್ದಾರೆ!

೩. ಸರ್ಪದೊಳಗಿನ ಗರುಡ

ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಅನಿಲ ಮತ್ತು ಧೂಳಿಯ ಮಹಾಮೇಘಗಳಿವೆ. ಇವೇ ನೀಹಾರಿಕೆಗಳು. ಸರ್ಪಪುಚ್ಛದಲ್ಲಿ ಅಂಥದೊಂದು ಪ್ರಸಿದ್ಧ ನೀಹಾರಿಕೆ ಇದೆ. ೧೭೪೫-೪೬ರಲ್ಲಿ ಸ್ವಿಟ್ಜರ್ಲಂಡಿನ ಶೆಸೊ ಎಂಬವನು ಇಲ್ಲಿಯ ತಾರಾಗುಚ್ಛವನ್ನು ಕಂಡನು; ೧೭೬೪ರಲ್ಲಿ ಫ್ರಾನ್ಸಿನ ಮೆಸ್ಯೇ ತನ್ನ ಪಟ್ಟಿಯಲ್ಲಿ ಇದಕ್ಕೆ ೧೬ನೆಯ ಸ್ಥಾನ ಕೊಟ್ಟನು. ಆಕಾರದಿಂದ ಇದಕ್ಕೆ ಗರುಡ ನೀಹಾರಿಕೆಯೆಂದು ಹೆಸರು ಬಂದಿದೆ. ಹೀಗೆ ಸರ್ಪದ ಹೊಟ್ಟೆಯಲ್ಲಿಯೇ ಗರುಡನು ಕುಳಿತಂತಾಯಿತು. ಅದರ ದೂರ ಸುಮಾರು ೬,೫೦೦ ಜ್ಯೋತಿರ್ವರ್ಷ. ಇಂದು ನಮಗೆ ಕಾಣುವ ಅದರ ಬೆಳಕು ಹೊರಟಾಗ ಹರಪ್ಪಾ ನಗರವು ಇನ್ನೂ ಕಟ್ಟಲ್ಪಟ್ಟಿರಲಿಲ್ಲ.

೧೯೯೫ರಲ್ಲಿ ಹಬಲ್ ದೂರದರ್ಶಕವು ಈ ನೀಹಾರಿಕೆಯ ಒಂದು ಭಾಗದ ಚಿತ್ರವನ್ನು ತೆಗೆಯಿತು. ಖಗೋಲಜ್ಞರಾದ ಹೆಸ್ಟರ್ ಮತ್ತು ಸ್ಕೋವೆನ್ ಇವರ ಆ ಚಿತ್ರದಲ್ಲಿ ಮೂರು ಕರಿಯ ಕಂಬಗಳು ಎದ್ದು ನಿಂತಿವೆ. ಅವುಗಳಿಗೆ ಸೃಷ್ಟಿಸ್ತಂಭಗಳೆಂದು ಹೆಸರು. ಎಲ್ಲಕ್ಕೂ ಎತ್ತರವಾದ ಕಂಬದ ಉದ್ದ ಸುಮಾರು ೪ ಜ್ಯೋತಿರ್ವರ್ಷ. ಸಮೀಪದಲ್ಲಿರುವ ದೊಡ್ಡ ಎಳೆಯ ನಕ್ಷತ್ರಗಳು ಸೂಸುವ ತೀವ್ರವಾದ ಅತಿನೇರಳೆ ಕಿರಣಗಳು ಸುತ್ತಲಿನ ತೆಳುವಾದ ಅನಿಲವನ್ನು ಕಾಯಿಸಿ ಹಾರಿಸಿಬಿಡುತ್ತವೆ. ದಟ್ಟವಾದ ಭಾಗವು ತಡೆದುಕೊಂಡು ಉಳಿಯುತ್ತದೆ. ಮಳೆಯು ಮೆತ್ತನೆಯ ಮಣ್ಣನ್ನು ಕೊಚ್ಚಿಕೊಂಡು ಹೋದಾಗ ಗಟ್ಟಿಯಾದ ದಿನ್ನೆಗಳು ನಿಲ್ಲುವಂತೆಯೇ ಇದು. ಆ ಕಂಬಗಳೊಳಗೆ ಅನಿಲವು ತನ್ನ ಆಕರ್ಷಣದಿಂದಲೇ ಕುಗ್ಗಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹುಟ್ಟಿಸುವ ಮೇಘವೇ ಕರಗಿಹೋಗುತ್ತಿದೆ. ಹುಟ್ಟಿದವರೇ ಅದನ್ನು ಕರಗಿಸುತ್ತಿದ್ದಾರೆ.

೨೦೨೨ರ ಅಕ್ಟೋಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಅದೇ ಕಂಬಗಳನ್ನು ಅವಕೆಂಪು ಕಿರಣಗಳಲ್ಲಿ ತೋರಿಸಿತು. ಈ ಕಿರಣಗಳು ಧೂಳಿಯನ್ನು ದಾಟಿ ಬರಬಲ್ಲವು. ಆದಕಾರಣ ಕರಿಯ ಕಂಬಗಳು ಅರೆಪಾರದರ್ಶಕವಾಗಿ ಕಂಡವು, ಒಳಗಿನ ಎಳೆಯ ತಾರೆಗಳು ಕೆಂಡದ ಚುಕ್ಕೆಗಳಂತೆ ಹೊಳೆದವು. ೨೦೨೪ರ ಜೂನಿನಲ್ಲಿ ಅದೇ ದೂರದರ್ಶಕವು ಸುಮಾರು ೧,೩೦೦ ಜ್ಯೋತಿರ್ವರ್ಷ ದೂರದ ಸರ್ಪ ನೀಹಾರಿಕೆಯ ಚಿತ್ರ ಕೊಟ್ಟಿತು. ಅಲ್ಲಿ ಹುಟ್ಟುತ್ತಿರುವ ನಕ್ಷತ್ರಗಳಿಂದ ಚಿಮ್ಮುವ ಅನಿಲಧಾರೆಗಳು ಒಂದೇ ದಿಕ್ಕಿಗೆ ಓರೆಯಾಗಿವೆ, ಗಾಳಿಗೆ ಬಾಗಿದ ಜೋಳದ ಬೆಳೆಯಂತೆ. ತಿರುಗುತ್ತಿದ್ದ ಒಂದೇ ಮೇಘದಿಂದ ಹುಟ್ಟಿದುದರಿಂದ ಅವು ಅದರ ತಿರುಗುವಿಕೆಯನ್ನು ಉಳಿಸಿಕೊಂಡಿವೆಯೆಂದು ವಿಜ್ಞಾನಿಗಳು ವಿವರಿಸುತ್ತಾರೆ.

೪. ಬಣ್ಣ ಯಾರದು?

ಚಿತ್ರದಲ್ಲಿಯ ಬಣ್ಣಗಳು ನಿಜವೇ ಎಂದು ಬುದ್ಧಿವಂತ ವಿದ್ಯಾರ್ಥಿಯು ಕೇಳಬೇಕು. ದೊಡ್ಡ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಗರುಡ ನೀಹಾರಿಕೆಯು ಬೂದು ಮಸುಕಾಗಿಯೇ ಕಾಣುವದು. ೧೯೯೫ರ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕದ ಬೆಳಕಿಗೆ ಹಸುರು, ಆಮ್ಲಜನಕದ ಬೆಳಕಿಗೆ ನೀಲಿ ಎಂದು ಬಣ್ಣಗಳನ್ನು ಹಂಚಿದರು. ವಾಸ್ತವವಾಗಿ ಗಂಧಕ, ಜಲಜನಕ ಎರಡರ ಈ ಬೆಳಕೂ ಕೆಂಪೇ. ಹಾಗೆಯೇ ಬಿಟ್ಟಿದ್ದರೆ ಯಾವುದು ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಆ ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕತ್ತರಿಸಿದಂತಿದೆ. ನಾಲ್ಕು ಕ್ಯಾಮರಾಗಳಲ್ಲಿ ಒಂದು ಚಿಕ್ಕ ಭಾಗವನ್ನೇ ಹೆಚ್ಚು ಸೂಕ್ಷ್ಮವಾಗಿ ತೆಗೆಯುತ್ತಿದ್ದುದೇ ಅದಕ್ಕೆ ಕಾರಣ. ಇಲ್ಲದ ಭಾಗವನ್ನು ಅವರು ಕಲ್ಪಿಸಿ ತುಂಬಲಿಲ್ಲವೆಂಬುದನ್ನು ನೆನಪಿಡಿರಿ.

ಈಗ ಬಾದಾಮಿಗೆ ಬರೋಣ. ಅಲ್ಲಿಯ ಮೊದಲನೆಯ ಗುಹೆಯ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜನಿದ್ದಾನೆ. ಮೇಲರ್ಧ ಮನುಷ್ಯ, ಕೆಳಗೆ ಸರ್ಪ, ತಲೆಯ ಮೇಲೆ ಹಲವು ಹೆಡೆಗಳು. ಕ್ರಿ.ಶ. ೫೭೮ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವಿಷ್ಣುವು ಶೇಷನ ಸುರುಳಿಯ ಮೇಲೆ ಕುಳಿತಿದ್ದಾನೆ. ಹಲವು ಹೆಡೆಯ ಹಾವನ್ನು ಯಾವ ಶಿಲ್ಪಿಯೂ ಹೊಲದಲ್ಲಿ ಕಂಡಿರಲಾರನು. ಆದರೂ ಅವನು ಸುಳ್ಳು ಹೇಳಲಿಲ್ಲ. ತನ್ನ ಜನರು ಹಾವಿನಲ್ಲಿ ಕಂಡ ಮಹಿಮೆಯನ್ನು ಕಲ್ಲಿನಲ್ಲಿ ಹೇಳಿದನು. ಶಿಲ್ಪಿಯು ಹೆಡೆಗಳನ್ನು ಆರಿಸಿಕೊಂಡಂತೆ ಖಗೋಲಜ್ಞನು ಬಣ್ಣಗಳನ್ನು ಆರಿಸಿಕೊಳ್ಳುತ್ತಾನೆ. ಇಬ್ಬರಲ್ಲಿ ಭೇದವಿಷ್ಟೇ: ಖಗೋಲಜ್ಞನು ತಾನು ಯಾವ ನಿಯಮದಿಂದ ಬಣ್ಣ ಹಚ್ಚಿದೆನೆಂಬುದನ್ನು ಬರೆದಿಡಬೇಕು, ಇನ್ನೊಬ್ಬನು ಅದನ್ನು ಪರೀಕ್ಷಿಸಲು ಬರುವಂತಿರಬೇಕು. ಕಲೆಯನ್ನು ಕಲೆಯೆಂದು, ಶಾಸ್ತ್ರವನ್ನು ಶಾಸ್ತ್ರವೆಂದು ಸವಿಯಬಲ್ಲವನು ಎರಡನ್ನೂ ಕಳೆದುಕೊಳ್ಳುವದಿಲ್ಲ. ಎರಡನ್ನೂ ಬೆರೆಸಿ, ಕಲ್ಪನೆಯ ಸರ್ಪಕ್ಕೆ ನಿಜವಾದ ವಿಷವನ್ನು ಆರೋಪಿಸಿದಾಗಲೇ ಕೇಡು ಬರುವದು.

೫. ವಿದ್ಯಾರ್ಥಿಗಳು ಮಾಡಿ ನೋಡತಕ್ಕದ್ದು

(೧) ಮಾರ್ಚ್ ಉತ್ತರಾರ್ಧದ ಬೆಳುದಿಂಗಳಿಲ್ಲದ ರಾತ್ರಿ ಒಂಬತ್ತಕ್ಕೆ ಆಶ್ಲೇಷೆಯನ್ನು ಗುರುತಿಸಿ, ಕಂಡಷ್ಟು ತಾರೆಗಳನ್ನು ಮಾತ್ರ ವಹಿಯಲ್ಲಿ ಬರೆಯಿರಿ.

(೨) ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮೊದಲು, ರಾತ್ರಿ ಹನ್ನೊಂದೂವರೆಯ ಸುಮಾರಿಗೆ ನೆತ್ತಿಗಿಂತ ತುಸು ದಕ್ಷಿಣಕ್ಕೆ ಉನುಕಲ್‌ಹೈ ತಾರೆಯನ್ನು ಹುಡುಕಿರಿ.

(೩) ಸಪ್ಟೆಂಬರ್ ಕೊನೆಯಲ್ಲಿ ಮೋಡ ಹರಿದ ರಾತ್ರಿ ಎಂಟಕ್ಕೆ ನೈಋತ್ಯದಲ್ಲಿ ಆಕಾಶಗಂಗೆಯನ್ನು ನೋಡಿರಿ. ದುರ್ಬೀನು ಇದ್ದರೆ ಗರುಡ ನೀಹಾರಿಕೆಯ ತಾರಾಗುಚ್ಛವು ಮಸುಕಾಗಿ ಕಾಣುವದು. ಪಟ್ಟಣದ ದೀಪಗಳ ಬೆಳಕಿನಲ್ಲಿ ಇದು ಕಷ್ಟ. ಜತ್ತದ ಕಡೆಯ ಹಳ್ಳಿಗಳಲ್ಲಿ ಅಜ್ಜ-ಅಜ್ಜಿಯರ ಮನೆಯಿದ್ದವರು ಭಾಗ್ಯಶಾಲಿಗಳು.

(೪) ಮನೆಯ ಹಿರಿಯರಿಂದ ಮಳೆ ನಕ್ಷತ್ರಗಳ ಹೆಸರುಗಳನ್ನು ಕ್ರಮವಾಗಿ ಕೇಳಿ ಬರೆದುಕೊಳ್ಳಿರಿ. ಅವರು ಹೆಸರುಗಳನ್ನು ಬಲ್ಲರು. ನೀವು ಅವರನ್ನು ಅಂಗಳಕ್ಕೆ ಕರೆದು ಆ ನಕ್ಷತ್ರಗಳನ್ನು ತೋರಿಸಿರಿ.