ಲಾಲ್‌ಬಾಗಿನಲ್ಲಿ ಒಂದು ದಿನ

ಉದ್ಯಾನವೆಂದೊಡನೆ ನಮ್ಮಲ್ಲಿ ಅನೇಕರಿಗೆ ಹೂವಿನ ನೆನಪೇ ಮೊದಲು ಬರುತ್ತದೆ. ಸಾಯಂಕಾಲದ ತಂಗಾಳಿಯಲ್ಲಿ ತಿರುಗಾಡುವುದಕ್ಕೆ, ಹುಲ್ಲಿನ ಮೇಲೆ ಕುಳಿತು ನಾಲ್ಕು ಮಾತನಾಡುವುದಕ್ಕೆ, ಚಿಕ್ಕ ಮಕ್ಕಳನ್ನು ಆಡಬಿಡುವುದಕ್ಕೆ ಇರುವ ಸ್ಥಳವೇ ಉದ್ಯಾನವೆಂದು ನಾವು ತಿಳಿದಿರುತ್ತೇವೆ. ಈ ತಿಳಿವಳಿಕೆ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಉದ್ಯಾನಗಳಲ್ಲಿ ಸಸ್ಯೋದ್ಯಾನವೆಂಬ ಇನ್ನೊಂದು ಬಗೆಯುಂಟು. ಅದು ಕಣ್ಣಿಗೆ ತಂಪನ್ನು ನೀಡುವಂತೆಯೇ ಬುದ್ಧಿಗೂ ಆಹಾರವನ್ನು ನೀಡುತ್ತದೆ. ಈ ವ್ಯತ್ಯಾಸವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಉಪಾಧ್ಯಾಯನಾಗಿ ತಲೆ ನರೆತ ಮೇಲೆ, ವಿದ್ಯಾರ್ಥಿಗಳ ಜೊತೆಯಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿದ ದಿನ ಕಲಿತೆನು.

ನಮ್ಮ ಊರು ಗಬ್ಬೂರ. ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿ, ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಹಗಲಿರುಳೆನ್ನದೆ ಬಸ್ಸುಗಳೂ ಲಾರಿಗಳೂ ನಮ್ಮೂರ ಬದಿಯಿಂದ ಓಡುತ್ತಿರುತ್ತವೆ. ಆ ರಸ್ತೆ ಹೋಗಿ ಮುಟ್ಟುವ ದೊಡ್ಡ ಪಟ್ಟಣದಲ್ಲಿ ಏನೇನಿದೆಯೋ ಎಂಬ ಕುತೂಹಲ ನಮ್ಮ ಮಕ್ಕಳಿಗೆ ಸದಾ ಇದ್ದದ್ದೇ. ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲು, ಜನವರಿ ತಿಂಗಳ ಕೊನೆಯಲ್ಲಿ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಪ್ರವಾಸ ಹೊರಟೆನು. ರಾತ್ರಿ ಊರನ್ನು ಬಿಟ್ಟು, ಸುಮಾರು ೪೦೦ ಕಿಲೋಮೀಟರ್ ದಾರಿಯನ್ನು ಸವೆಸಿ, ಬೆಳಗಿನ ಚಳಿಯಲ್ಲಿ ಲಾಲ್‌ಬಾಗಿನ ಬಾಗಿಲ ಮುಂದೆ ಇಳಿದೆವು.

ಬಾಗಿಲ ಬಳಿ ಒಬ್ಬ ಮುದುಕಿ ಬುಟ್ಟಿಯಲ್ಲಿ ಹಣ್ಣುಗಳನ್ನಿಟ್ಟುಕೊಂಡು, “ಸೀಬೆಹಣ್ಣು, ಸೀಬೆಹಣ್ಣು” ಎಂದು ಕೂಗುತ್ತಿದ್ದಳು. ನಮ್ಮ ಹುಡುಗರು ಬುಟ್ಟಿಯನ್ನು ಇಣುಕಿ ನೋಡಿ ಬೆರಗಾದರು. “ಗುರುಗಳೇ, ಇದು ನಮ್ಮ ಪೇರಲ ಹಣ್ಣಲ್ಲವೇ? ಈ ಅಜ್ಜಿ ಬೇರೆ ಹೆಸರು ಹೇಳುತ್ತಾಳಲ್ಲ!” ಎಂದು ಒಬ್ಬನು ಕೇಳಿದನು. “ಒಂದೇ ನುಡಿಯನ್ನಾಡುವ ನಮ್ಮೊಳಗೇ ಒಂದು ಹಣ್ಣಿಗೆ ಎರಡು ಹೆಸರು. ಈ ಮಾತನ್ನು ನೆನಪಿನಲ್ಲಿಡಿರಿ, ಒಳಗೆ ಬೇಕಾಗುತ್ತದೆ” ಎಂದೆನು. ಹಣ್ಣುಗಳನ್ನು ಕೊಂಡು ಹಂಚಿಕೊಂಡು ಒಳಗೆ ಹೋದೆವು.

ಮೊದಲು ನಮ್ಮನ್ನು ಎದುರುಗೊಂಡದ್ದು ಗಿಡವಲ್ಲ, ಬಂಡೆ. ಮುದಿ ಆನೆಯ ಬೆನ್ನಿನಂತೆ ಹರಡಿರುವ ಆ ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡನ ಹೆಸರಿನ ಗೋಪುರವೊಂದಿದೆ. ಈ ಶಿಲೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ೧೯೭೫ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಕರ್ನಾಟಕದ ಇನ್ನೊಂದು ಪುರಾತನ ಶಿಲಾಸಮೂಹಕ್ಕೆ ನಮ್ಮ ಧಾರವಾಡದ ಹೆಸರೇ ಇರುವುದೆಂದೂ, ಲೋಕದ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನು ಬಲ್ಲರೆಂದೂ ತಿಳಿಸಿದಾಗ ಮಕ್ಕಳ ಮುಖ ಅರಳಿತು. ನಮ್ಮ ಊರಿನ ಹೆಸರನ್ನು ಇತರರು ಬಲ್ಲರೆಂದರೆ ನಮಗೆ ಎಷ್ಟು ಸಂತೋಷ!

ಬಂಡೆಯ ಮೇಲೆ ಕುಳಿತು ಮಕ್ಕಳಿಗೆ ತೋಟದ ಇತಿಹಾಸವನ್ನು ಹೇಳಿದೆನು. ಲಾಲ್ ಎಂದರೆ ಕೆಂಪು, ಬಾಗ್ ಎಂದರೆ ತೋಟ. ೧೭೬೦ರಲ್ಲಿ ಹೈದರಾಲಿಯು ಈ ತೋಟವನ್ನು ಪ್ರಾರಂಭಿಸಿದನು. ಅವನ ಮಗನಾದ ಟಿಪ್ಪು ಸುಲ್ತಾನನು ಕಡಲಾಚೆಯ ದೇಶಗಳಿಂದಲೂ ಬೀಜಗಳನ್ನೂ ಸಸಿಗಳನ್ನೂ ತರಿಸಿ ಇದನ್ನು ಬೆಳೆಸಿದನು. ೧೭೯೯ರ ಬಳಿಕ ತೋಟವು ಆಂಗ್ಲರ ಕೈಸೇರಿ, ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಬಳಿಯ ಪ್ರಸಿದ್ಧವಾದ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದವರು ಇಲ್ಲಿಗೆ ಬಂದು ಇದನ್ನು ನೋಡಿಕೊಂಡರು. ಅರಸರ ವಿಹಾರಕ್ಕಾಗಿ ಹುಟ್ಟಿದ ತೋಟವು ಹೀಗೆ ಸರ್ವರ ವಿದ್ಯಾಶಾಲೆಯಾಯಿತು. ಇಂದು ಅದರ ವಿಸ್ತಾರ ೨೪೦ ಎಕರೆ.

ಅಲ್ಲಿಂದ ಗಾಜಿನ ಮನೆಗೆ ನಡೆದೆವು. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯನ್ನು ನಮ್ಮ ಮಕ್ಕಳು ನೋಡಿದ್ದರು. ಆದುದರಿಂದ ಅವರಿಗೆ ಇದು ಪರಿಚಿತವಾದ ಮುಖದಂತೆ ಕಂಡಿತು. ೧೮೮೯ರ ನವೆಂಬರ್ ೩೦ರಂದು ಇದರ ಅಡಿಗಲ್ಲನ್ನಿಟ್ಟರು. ಲಂಡನ್ನಿನಲ್ಲಿದ್ದ ಸ್ಫಟಿಕದ ಅರಮನೆಯ ಮಾದರಿಯಲ್ಲಿ, ಕಬ್ಬಿಣದ ಕಂಬ ಕಮಾನುಗಳ ಮೇಲೆ ಗಾಜನ್ನು ಹೊದಿಸಿ ಕಟ್ಟಿದ್ದಾರೆ. ಗಣರಾಜ್ಯೋತ್ಸವದ ಮತ್ತು ಸ್ವಾತಂತ್ರ್ಯ ದಿನೋತ್ಸವದ ಸಮಯಗಳಲ್ಲಿ ಇಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ನಾವು ಹೋದಾಗ ಪ್ರದರ್ಶನ ಮುಗಿದಿತ್ತು. ಮಾಲಿಗಳು ಹೂವಿನ ಕುಂಡಗಳನ್ನು ಸಾಗಿಸುತ್ತಿದ್ದರು. ಅವರಲ್ಲಿ ವಯಸ್ಸಾದವರೊಬ್ಬರು ನಮ್ಮ ಮಕ್ಕಳ ಮಾತಿನ ಧಾಟಿಯನ್ನು ಕೇಳಿ, “ಯಾವ ಕಡೆಯವರು ಮೇಷ್ಟ್ರೇ?” ಎಂದು ವಿಚಾರಿಸಿದರು. ಹುಬ್ಬಳ್ಳಿಯಿಂದ ಬಂದೆವೆಂದು ಹೇಳಲು, ಕೈಯ ಮಣ್ಣನ್ನು ಒರೆಸಿಕೊಂಡು ತಾವೇ ನಮ್ಮೊಡನೆ ಬಂದರು.

ಮರಗಳಿಗೆ ಕಟ್ಟಿದ್ದ ಫಲಕಗಳು ಮಕ್ಕಳ ಗಮನವನ್ನು ಸೆಳೆದವು. ಪ್ರತಿಯೊಂದರಲ್ಲಿಯೂ ಎರಡು ಪದಗಳ ವಿಚಿತ್ರವಾದ ಹೆಸರು. ಬಾಗಿಲಲ್ಲಿ ನಡೆದ ಪೇರಲದ ಮಾತನ್ನು ನಾನು ಆಗ ನೆನಪಿಸಿದೆನು. ಒಂದೇ ಗಿಡಕ್ಕೆ ಊರಿಗೊಂದು, ನಾಡಿಗೊಂದು ಹೆಸರು. ಹೀಗಿರಲು ಒಂದು ದೇಶದ ಪಂಡಿತನು ಬರೆದದ್ದು ಇನ್ನೊಂದು ದೇಶದವನಿಗೆ ತಿಳಿಯುವುದು ಹೇಗೆ? ಈ ತೊಡಕನ್ನು ಬಿಡಿಸಿದವನು ಸ್ವೀಡನ್ ದೇಶದ ಲಿನೇಯಸ್. ೧೭೫೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದಲ್ಲಿ ಅದರದೇ ಆದ ಹೆಸರು. ನಮ್ಮ ಪೇರಲ, ಬೆಂಗಳೂರಿನ ಸೀಬೆ, ವಿಜ್ಞಾನಿಗೆ ‘ಸಿಡಿಯಂ ಗ್ವಾಜಾವ’. ಆ ಹೆಸರನ್ನು ಉಚ್ಚರಿಸಿದರೆ ಜಗತ್ತಿನ ಯಾವ ಮೂಲೆಯ ಸಸ್ಯವಿಜ್ಞಾನಿಗಾದರೂ ಅದೇ ಗಿಡ ಕಣ್ಣಮುಂದೆ ನಿಲ್ಲುತ್ತದೆ.

ಮುಂದೆ ನಾಗಲಿಂಗದ ಮರ. ಕಾಂಡದಿಂದಲೇ ಹಗ್ಗದಂತೆ ಇಳಿಬಿದ್ದ ಟೊಂಗೆಗಳಲ್ಲಿ ಹೂಗಳು. ಹೂವಿನ ನಡುವೆ ಲಿಂಗವನ್ನು ಕಾಯುವ ಹೆಡೆಯಂತೆ ಬಾಗಿದ ಕೇಸರಗಳು. ಪಕ್ಕದಲ್ಲಿ ಫಿರಂಗಿಯ ಗುಂಡಿನಂಥ ಕಾಯಿಗಳು. ಹುಡುಗಿಯೊಬ್ಬಳು ಭಕ್ತಿಯಿಂದ ಕೈಮುಗಿದಳು. “ಇದರ ತೌರು ದಕ್ಷಿಣ ಅಮೆರಿಕ” ಎಂದು ಮಾಲಿಯವರು ಹೇಳಿದಾಗ ಅವಳಿಗೆ ನಂಬಿಕೆಯಾಗಲಿಲ್ಲ. “ಹಾಗಾದರೆ ಇದು ನಮ್ಮದಲ್ಲವೇ, ಗುರುಗಳೇ?” ಎಂದು ಕೇಳಿದಳು.

ಅದು ಒಳ್ಳೆಯ ಪ್ರಶ್ನೆ. ನಮ್ಮ ಸೀಮೆಯ ಹೆಮ್ಮೆಯಾದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕವೇ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದರು. ನಾವು ಹುರಿದು ತಿನ್ನುವ ಶೇಂಗಾ, ಬಾಗಿಲಲ್ಲಿ ಕೊಂಡ ಪೇರಲ, ಇವೂ ಆ ಖಂಡದವೇ. ನಮ್ಮ ರೊಟ್ಟಿಯ ಜೋಳವು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದುದು. ಹುಣಸೆಯ ಕಥೆ ಇನ್ನೂ ಸ್ವಾರಸ್ಯವಾದುದು. ಅರಬರು ಅದನ್ನು ‘ಹಿಂದದ ಖರ್ಜೂರ’ವೆಂದು ಕರೆದರು, ಅದರಿಂದಲೇ ‘ಟ್ಯಾಮರಿಂಡಸ್ ಇಂಡಿಕ’ ಎಂಬ ಶಾಸ್ತ್ರೀಯ ನಾಮ ಬಂದಿತು. ಹೆಸರು ನಮ್ಮ ದೇಶದ್ದು. ಮರದ ಮೂಲ ಆಫ್ರಿಕ! “ತಲೆತಲಾಂತರದಿಂದ ಬಿತ್ತಿ, ನೀರೆರೆದು, ಉಂಡು ಬಂದವರು ನಾವು. ಎಲ್ಲಿ ಹುಟ್ಟಿತೆಂಬುದು ಅದರ ಚರಿತ್ರೆ. ನಾವು ಸಾಕಿದೆವೆಂಬುದು ನಮ್ಮ ಸಂಬಂಧ. ನೀನು ಕೈಮುಗಿದದ್ದು ತಪ್ಪಲ್ಲ, ತಾಯಿ” ಎಂದೆನು. ಹೊರಗಿನ ಸಸಿಯನ್ನು ತಂದು, ನಮ್ಮ ಮಣ್ಣಿಗೆ ಒಗ್ಗುವುದೇ ಎಂದು ಪರೀಕ್ಷಿಸಿ, ಒಗ್ಗಿದುದನ್ನು ರೈತನಿಗೆ ಕೊಡುವುದು ಸಸ್ಯೋದ್ಯಾನದ ಕೆಲಸಗಳಲ್ಲಿ ಒಂದು. ೧೮೭೪ರಿಂದ ೧೯೦೮ರವರೆಗೆ ಇಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮರೂನರು ಹೀಗೆ ಬೆಳೆಸಿದ ಸೀಮೆಬದನೆ ಇಂದು ನಮ್ಮ ಅಡಿಗೆಮನೆಗಳಲ್ಲಿದೆ.

ಇಷ್ಟು ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದ ನನಗೂ ಅಲ್ಲಿ ಒಂದು ಪಾಠ ಕಾದಿತ್ತು. ದಟ್ಟವಾಗಿ ಹರಡಿಕೊಂಡ ಒಂದು ಮರದ ಕೊಂಬೆಗಳ ಮೇಲೆಲ್ಲ ಕಿತ್ತಳೆ ಬಣ್ಣದ ಹೂಗೊಂಚಲುಗಳಿದ್ದವು. “ಇದೇ ಅಶೋಕ” ಎಂದರು ಮಾಲಿಯವರು. ನಾನು ಬೆಚ್ಚಿದೆನು. ನಮ್ಮ ಶಾಲೆಯ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆದ ಮರಗಳ ಸಾಲೊಂದಿದೆ. ಅವುಗಳ ಕೆಳಗೆ ನಿಂತು, “ಸೀತಾದೇವಿಯು ಲಂಕೆಯಲ್ಲಿ ಕುಳಿತದ್ದು ಇಂಥ ಮರದ ನೆರಳಿನಲ್ಲಿ” ಎಂದು ಎಷ್ಟು ವರ್ಷ ಪಾಠ ಹೇಳಿದ್ದೆನೋ! ಅದು ಅಶೋಕವಲ್ಲ, ಕಂಬದ ಮರವೆಂಬ ಬೇರೊಂದು ಜಾತಿ. ಒಬ್ಬರು ಕುಳಿತುಕೊಳ್ಳುವಷ್ಟು ನೆರಳು ಆ ಕಂಬದ ಕೆಳಗೆ ಎಲ್ಲಿಯದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮಕ್ಕಳ ಮುಂದೆ ನಾಚಿಕೆಯಾಯಿತು. ಆದರೂ ಮುಚ್ಚಿಡಲಿಲ್ಲ. “ನಾನು ನಿಮಗೆ ಹೇಳಿಕೊಟ್ಟದ್ದು ತಪ್ಪು. ಈ ಹಿರಿಯರು ಹೇಳುವುದು ಸರಿ; ತಿದ್ದಿಕೊಳ್ಳಿರಿ” ಎಂದೆನು.

ಮುಂದೆ ಸಾಗಿ ಬಿಳಿ ಬೂರುಗದ ಮಹಾವೃಕ್ಷದ ಮುಂದೆ ನಿಂತೆವು. ಸುಮಾರು ಎರಡು ಶತಮಾನಗಳಷ್ಟು ಹಳೆಯ ಮರವದು. ಗೋಡೆಗಳಂತೆ ಎದ್ದುನಿಂತ ಅದರ ಬೇರುಗಳ ನಡುವೆ ಮನುಷ್ಯನು ಅಡಗಿ ನಿಲ್ಲಬಹುದು. ಎಲ್ಲರೂ ತಲೆಯೆತ್ತಿ ನೋಡುತ್ತಿರುವಾಗ, ಹಿಂದೆ ಉಳಿದಿದ್ದ ಹುಡುಗನೊಬ್ಬನು ಪೇರಲ ಹಣ್ಣನ್ನು ಕೊಯ್ಯಲೆಂದು ತಂದಿದ್ದ ಚೂರಿಯಿಂದ ಬದಿಯ ಇನ್ನೊಂದು ಮರದ ತೊಗಟೆಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಕೆತ್ತಿಯಾಗಿತ್ತು. ಅಲ್ಲಿ ಹಿಂದಿನವರು ಕೆತ್ತಿದ ಹೆಸರುಗಳೂ ಇದ್ದವು. ನನಗೆ ಕೋಪ ಉಕ್ಕಿ ಬಂದು ಕೈಯೆತ್ತಿದೆನು. ಮಾಲಿಯವರು ನನ್ನನ್ನು ತಡೆದು, ಹುಡುಗನ ಬೆರಳನ್ನು ಹಿಡಿದು ಆ ಗಾಯದ ಮೇಲಿಟ್ಟರು. ಅದು ಒದ್ದೆಯಾಗಿತ್ತು.

“ಮಗೂ, ಬೇರು ಹೀರಿದ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲಕ್ಕೆ ಹೋಗುತ್ತದೆ. ಎಲೆ ಮಾಡಿದ ಅನ್ನ ಈ ತೊಗಟೆಯ ಒಳಪದರದಲ್ಲಿ ಕೆಳಕ್ಕೆ ಇಳಿಯುತ್ತದೆ. ನೀನು ಕೊಯ್ದದ್ದು ಅದು ಉಣ್ಣುವ ದಾರಿಯನ್ನು. ಒಬ್ಬನ ಅಕ್ಷರಕ್ಕೆ ಮರ ಸಾಯುವುದಿಲ್ಲ. ಆದರೆ ದಿನಕ್ಕೊಬ್ಬನು ಬಂದು, ಗಾಯಗಳು ಸುತ್ತಲೂ ಬಳೆಯಂತೆ ಕೂಡಿಕೊಂಡರೆ ಬೇರು ಹಸಿದು ಸಾಯುತ್ತದೆ.” ಹೀಗೆಂದು ಅವರು ಮರದ ಫಲಕವನ್ನು ತೋರಿಸಿದರು. “ಇದಕ್ಕೆ ಆಗಲೇ ಒಂದು ಹೆಸರಿದೆ. ಇನ್ನೊಂದು ಬೇಕಾಗಿಲ್ಲ.” ಹುಡುಗನು ಅಳುತ್ತ ಚೂರಿಯನ್ನು ನನ್ನ ಕೈಗೆ ಕೊಟ್ಟನು. ಮಾಲಿಯವರು ಅವನಿಗೆ ವಿಧಿಸಿದ ಶಿಕ್ಷೆ ಒಂದೇ: ಫಲಕದಲ್ಲಿದ್ದ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು.

ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಬುತ್ತಿಯನ್ನು ಬಿಚ್ಚಿದೆವು. ಸುತ್ತಲಿನ ನೆರಳು ಯಾರು ನೆಟ್ಟ ಮರಗಳದೋ! ಕ್ಯಾಮರೂನರ ನಂತರ ಬಂದ ಜರ್ಮನಿಯ ಕ್ರುಂಬಿಗಲ್ಲರು ೧೯೩೨ರವರೆಗೆ ಇಲ್ಲಿದ್ದರು. ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ, ವರ್ಷವಿಡೀ ಬೆಂಗಳೂರಿನ ಬೀದಿಗಳಲ್ಲಿ ಹೂವಿರುವಂತೆ ಯೋಜಿಸಿ ಮರಗಳನ್ನು ನೆಡಿಸಿದರು. ತಾವು ಹಸಿರಾಗಿಸಿದ ಈ ನಗರದಲ್ಲಿಯೇ ೧೯೫೬ರಲ್ಲಿ ತೀರಿಕೊಂಡರು. ಮುಂದೆ ಡಾಕ್ಟರ್ ಎಂ. ಎಚ್. ಮರಿಗೌಡರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದು ಇಲ್ಲಿ ದುಡಿದರು. ೧೯೬೩ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಯಿತು. ನಾಡಿನ ಜಿಲ್ಲೆಜಿಲ್ಲೆಗಳಲ್ಲಿ ಸಸಿಗಳನ್ನು ಬೆಳೆಸುವ ಕ್ಷೇತ್ರಗಳನ್ನು ತೆರೆದು, ಲಾಲ್‌ಬಾಗಿನ ವಿದ್ಯೆಯನ್ನು ಅವರು ರೈತನ ಹೊಲದವರೆಗೆ ಒಯ್ದರು. ಇವರಲ್ಲಿ ಯಾರೂ ತಮ್ಮ ಹೆಸರನ್ನು ಮರದ ಮೇಲೆ ಕೆತ್ತಲಿಲ್ಲ. ಮರಗಳೇ ಅವರ ಹೆಸರನ್ನು ಉಳಿಸಿವೆ.

ಊರಿಗೆ ಮರಳಿದ ವಾರದಲ್ಲಿಯೇ ನಮ್ಮ ವಿದ್ಯಾರ್ಥಿಗಳು ಶಾಲೆಯ ಆವರಣದ ಮರಗಳನ್ನು ಎಣಿಸಿದರು. ಬೇವು, ಹುಣಸೆ, ಬನ್ನಿ ಎಲ್ಲರಿಗೂ ಗೊತ್ತಿದ್ದವು. ಉಳಿದವುಗಳ ಹೆಸರನ್ನು ಕೆಲವರು ತಮ್ಮ ಅಜ್ಜ ಅಜ್ಜಿಯರಿಂದ, ಕೆಲವರು ವಿಜ್ಞಾನದ ಅಧ್ಯಾಪಕರಿಂದ ಕೇಳಿ ತಿಳಿದರು. ಹಳೆಯ ಡಬ್ಬಿಗಳ ತಗಡನ್ನು ಕತ್ತರಿಸಿ, ಬಣ್ಣ ಬಳಿದು, ಫಲಕಗಳನ್ನು ಸಿದ್ಧಗೊಳಿಸಿದರು. ನೆಟ್ಟಗೆ ನಿಂತ ಆ ಸಾಲಿನ ಮೊದಲ ಮರಕ್ಕೆ ‘ಕಂಬದ ಮರ’ ಎಂಬ ಫಲಕವನ್ನು ನಾನೇ ಬರೆದೆನು.

ಫಲಕಗಳನ್ನು ಕೂಡಿಸಲು ಒಬ್ಬನು ಮೊಳೆ, ಸುತ್ತಿಗೆಗಳನ್ನು ತಂದನು. ಆಗ ಚೂರಿಯ ಆ ಹುಡುಗನು ಮುಂದೆ ಬಂದು, “ಮೊಳೆ ಬೇಡ, ಹಗ್ಗ ತನ್ನಿರಿ. ಬಿಗಿಯಾಗಿಯೂ ಕಟ್ಟಬೇಡಿರಿ, ಮರ ದಪ್ಪವಾಗಬೇಕಲ್ಲ” ಎಂದನು.

ಅಭ್ಯಾಸ

ಪದಗಳ ಅರ್ಥ
ಆವರಣ – ಸುತ್ತುಗಟ್ಟಿದ ಜಾಗ, ಅಂಗಳ
ಕೇಸರ – ಹೂವಿನೊಳಗಿನ ಎಳೆ
ತೌರು – ಹುಟ್ಟಿದ ಮನೆ, ಇಲ್ಲಿ ಮೂಲಸ್ಥಾನ
ಬುತ್ತಿ – ದಾರಿಗೆಂದು ಕಟ್ಟಿಕೊಂಡ ಆಹಾರ

ಪ್ರಶ್ನೆಗಳು
೧. ಸಸ್ಯಗಳಿಗೆ ಎರಡು ಪದಗಳ ಶಾಸ್ತ್ರೀಯ ನಾಮ ಏಕೆ ಬೇಕಾಯಿತು?
೨. “ಹಾಗಾದರೆ ಇದು ನಮ್ಮದಲ್ಲವೇ?” ಈ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರು? ಅದಕ್ಕೆ ದೊರೆತ ಉತ್ತರವೇನು?
೩. ಲೇಖಕರು ತಮ್ಮ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡದ್ದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.
೪. ನಿಮ್ಮ ಶಾಲೆಯ ಅಥವಾ ಓಣಿಯ ಐದು ಮರಗಳ ಹೆಸರನ್ನು ಹಿರಿಯರಿಂದ ಕೇಳಿ ತಿಳಿದು ಪಟ್ಟಿ ಮಾಡಿರಿ.