ಆರಿದ್ರಾ ಮಳೆಗೆ ಮುಂಚೆ ಬ್ಯಾಟರಿ ಮಾತು

ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ ಒಲೆ ಕೂರಿಸಿಕೊಂಡು ಸಕಲೇಶಪುರ, ಆಲೂರು ಕಡೆ ತಿಂಗಳುಗಟ್ಟಲೆ ಇರಲು ಬರುವ ಹುಡುಗ ಹುಡುಗಿಯರು ಈಗ ಕಾಣಸಿಗುತ್ತಾರೆ. ಬರಲಿ, ಸಂತೋಷ. ಬಂದವರು ಕೇಳುವುದು ಒಂದೇ: ಯಾವ ಬ್ಯಾಟರಿ, ಎಷ್ಟು ಆಂಪಿಯರ್? ಮಳೆಗಾಲ ಪೂರ್ತಿ ಬ್ಯಾಟರಿ ದೀಪದಲ್ಲೇ ತೋಟದ ಲೆಕ್ಕ ಬರೆದವನಾಗಿ ನಾನು ತಿರುಗಿ ಕೇಳುವುದೂ ಒಂದೇ: ಜುಲೈ ತಿಂಗಳಲ್ಲಿ ಅದನ್ನು ಯಾವುದರಿಂದ ತುಂಬಿಸುತ್ತೀರಿ? ಅದು ಗೊತ್ತಾದರೆ ಬ್ಯಾಟರಿ ಯಾವುದೆನ್ನುವುದು ತಾನಾಗಿ ಇತ್ಯರ್ಥವಾಗುತ್ತದೆ.

• ಮೊದಲು ಕಾಗದ ಪೆನ್ನು ಹಿಡಿಯಿರಿ. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಫ್ರಿಜ್‌ಗೆ ನಮ್ಮ ತಂಪಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ 30 ಆಂಪಿಯರ್-ಅವರ್ ಬೇಕು. ಅಂಗಡಿಯವರ ಬಾಯಲ್ಲಿ 30 ಎಎಚ್. ಐದು ತಾಸು ಲ್ಯಾಪ್‌ಟಾಪಿಗೆ 20, ರಾತ್ರಿಯಿಡೀ ತಿರುಗುವ 20 ವ್ಯಾಟ್ ಫ್ಯಾನಿಗೆ 13, ದೀಪ, ಮೊಬೈಲು, ರೌಟರ್‌ಗೆ ಒಂದು ಹನ್ನೆರಡು. ಒಟ್ಟು 75 ಎಎಚ್. ಚಳಿಯಲ್ಲಿ ಫ್ಯಾನ್ ಯಾಕೆ ಅನ್ನಬೇಡಿ. ವ್ಯಾನಿನೊಳಗಿನ ತೇವ ಹೊರಗೆ ಹೋಗದಿದ್ದರೆ ವಾರದೊಳಗೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ.

• 1800 ವ್ಯಾಟ್‌ನ ಇಂಡಕ್ಷನ್ ಅರ್ಧ ಗಂಟೆ ಉರಿದರೆ ಇಡೀ ದಿನದ ಆ 75 ಎಎಚ್ ಮುಗಿಯಿತು. ಅಡುಗೆಗೆ ಗ್ಯಾಸ್ ಇಟ್ಟುಕೊಳ್ಳಿ. ಸ್ನಾನಕ್ಕೆ ತೋಟದವರ ಹಂಡೆ ಒಲೆ ಕೇಳಿ, ಬಿಸಿನೀರು ಇಲ್ಲ ಅನ್ನುವ ಮನೆ ನಮ್ಮಲ್ಲಿ ಕಡಿಮೆ.

• ಮೂರು ದಿನಕ್ಕೆ ಸಾಲುವಷ್ಟು ಕೂಡಿಡಿ, ಅಂದರೆ 225 ಎಎಚ್. ಜಾಸ್ತಿಯಾಯಿತು ಅನ್ನಿಸಬಹುದು. 2024ರ ಜುಲೈನಲ್ಲಿ ದೋಣಿಗಲ್ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯಲ್ಲಿ ವಾಹನಗಳು ನಿಂತವು. ಅದೇ ತಿಂಗಳು ಎಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಗಾಳಿಮಳೆಗೆ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬಿದ್ದರೆ ಒಳಗಿನ ಊರುಗಳಿಗೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದು ಹೊಸತೇನಲ್ಲ.

• ಈಗ ಸೀಸದ ಬ್ಯಾಟರಿಯ ವಿಷಯ. ಮನೆಯ ಇನ್ವರ್ಟರ್‌ಗೆ ಹಾಕುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯನ್ನು ನಾನು ದೂರುವುದಿಲ್ಲ. ಕದಲದೆ ಕೂರುವ ತೋಟದ ಮನೆಗೆ ಅದೇ ಸೈ. ವ್ಯಾನಿಗೆ ಬೇಡ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅದರ ಆಯಸ್ಸು ಕುಗ್ಗುತ್ತದೆ, ಆದ್ದರಿಂದ 225 ಬೇಕಾದವರು 450 ಎಎಚ್ ಹೊರಬೇಕು: ಮೂರು ಬ್ಯಾಟರಿ, ನೂರೈವತ್ತು ಕಿಲೋ ದಾಟಿದ ಭಾರ. ಬಿಸಿಲೆ ಘಾಟಿಯ ತಿರುವುಗಳಲ್ಲಿ ಆಸಿಡ್ ಕುಲುಕುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ನೀವು ಮಲಗುವುದು ಅದರ ಪಕ್ಕದಲ್ಲೇ.

• ಇದಕ್ಕಿಂತ ದೊಡ್ಡ ತೊಂದರೆ ತುಂಬಿಸುವುದರಲ್ಲಿದೆ. ಸೀಸದ ಬ್ಯಾಟರಿಗೆ ಚಾರ್ಜ್ ಹಾಕುವುದೆಂದರೆ ಮೂಟೆಗೆ ಕಾಫಿ ತುಂಬಿದ ಹಾಗೆ; ಮುಕ್ಕಾಲು ಮೂಟೆ ಬೇಗ ಆಗುತ್ತದೆ, ಬಾಯಿಯ ಹತ್ತಿರ ಕುಲುಕಿ ಕುಲುಕಿ ಸೇರಿಸಬೇಕು. ಕೊನೆಯ ಐದನೇ ಒಂದು ಪಾಲಿಗೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಬಿಸಿಲಾಗಲಿ ಕರೆಂಟಾಗಲಿ ಆರಿದ್ರಾದಿಂದ ಆಶ್ಲೇಷದವರೆಗೆ ಸಿಗುವುದು ಅಪರೂಪ. ದಿನವೂ ಅರೆಬರೆ ಚಾರ್ಜಿನಲ್ಲಿ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಕರಗುವುದಿಲ್ಲ. ನಂಬಿಕೆ ಬರದಿದ್ದರೆ ಆಲೂರು ಕಡೆ ಯಾವುದಾದರೂ ತೋಟದ ಆನೆ ಬೇಲಿಯ ಬ್ಯಾಟರಿ ನೋಡಿ. ಕಾವಲು ಗುಡಿಸಲಿನ ಮೂಲೆಯಲ್ಲಿರುತ್ತದೆ. ಮೇಲೆ ಪುಟ್ಟ ಪ್ಯಾನೆಲ್, ಪ್ಯಾನೆಲ್ ಮೇಲೆ ಹಲಸಿನ ನೆರಳು. ಅತ್ತ ಬೆಳೆದ ಬಳ್ಳಿ ತಂತಿಗೆ ತಾಗಿ ಕರೆಂಟ್ ಸೋರುತ್ತಿರುತ್ತದೆ. ಅಂಥ ಬ್ಯಾಟರಿ ಒಂದು ಮಳೆಗಾಲ ದಾಟಿದರೆ ಪುಣ್ಯ.

• ಹಾಗಾಗಿ ಇಲ್ಲಿ ಮಳೆಗಾಲ ಕಳೆಯುವವರಿಗೆ ನಾನು ಹೇಳುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೂ ಅದಕ್ಕೆ ಬೇಸರವಿಲ್ಲ. ನೂರರಲ್ಲಿ ತೊಂಬತ್ತು ಬಳಸಬಹುದು, 250 ಎಎಚ್ ಸಾಕು, ತೂಕ ಮೂವತ್ತು ಕಿಲೋ ಆಸುಪಾಸು. ಕರೆಂಟ್ ನಾಲ್ಕು ಗಂಟೆ ಬಂದು ಹೋದರೂ 40 ಆಂಪಿಯರ್ ಚಾರ್ಜರ್ ಇದ್ದರೆ 160 ಎಎಚ್ ಒಳಗೆ ಬಿದ್ದಿರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು ಎಂದು ಬರೆದಿರುತ್ತಾರೆ; ಹೆತ್ತೂರಿನ ಜನವರಿ ಚಳಿಗೂ ಆ ಭಯವಿಲ್ಲ. ದುಡ್ಡು ಹೆಚ್ಚು, ನಿಜ. ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಸೆಲ್‌ಗಳನ್ನು ಕೂಡಿಸಿ ಕಟ್ಟಿದ ಪೆಟ್ಟಿಗೆ ತರಬೇಡಿ. ಒಳಗೆ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕಿಟ್, ಇದೆಯೇ, ಅದು ಎಷ್ಟು ಆಂಪಿಯರ್ ತಡೆಯುತ್ತದೆ ಎಂದು ಕೇಳಿ. ಅಂಗಡಿಯವನು ತಡವರಿಸಿದರೆ ಎದ್ದು ಬನ್ನಿ.

• "ಟ್ರ್ಯಾಕ್ಟರ್ ಬ್ಯಾಟರಿ ಸುಮ್ಮನೆ ಬಿದ್ದಿದೆಯಲ್ಲ" ಎಂದು ಯಾರಾದರೂ ಕೊಡಲು ಬಂದರೆ ಕೈ ಮುಗಿಯಿರಿ. ಅದು ಇಂಜಿನ್ ಚಾಲೂ ಮಾಡಲು ಇರುವುದು. ತೆಳು ಪ್ಲೇಟು, ದಿನಾ ಆಳಕ್ಕೆ ಖಾಲಿಯಾಗುವುದನ್ನು ತಡೆಯುವುದಿಲ್ಲ.

• ಸೋಲಾರ್. ಜನವರಿಯ ತಿಳಿ ಆಕಾಶದಲ್ಲಿ 400 ವ್ಯಾಟ್ ಪ್ಯಾನೆಲ್ ದಿನಕ್ಕೆ ನೂರು ಎಎಚ್ ಮೇಲೆಯೇ ಕೊಡುತ್ತದೆ. ದಟ್ಟ ಮೋಡದಲ್ಲಿ ಅದರ ಹತ್ತರಲ್ಲಿ ಒಂದೆರಡು ಪಾಲು ಬಂದರೆ ಹೆಚ್ಚು. ನಮ್ಮಲ್ಲಿ ಮೋಡಕ್ಕಿಂತ ಮರದ ಕಾಟ ಜಾಸ್ತಿ. ಕಾಫಿ ತೋಟವೇ ನೆರಳಿನಲ್ಲಿ ಬೆಳೆಯುವುದು. ಹಾಲುವಾಣದ ಒಂದು ಕೊಂಬೆಯ ನೆರಳು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಇಳುವರಿ ದಡಕ್ಕನೆ ಇಳಿಯುತ್ತದೆ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಒಂದರ ನೆರಳಿನ ಹೊಡೆತ ಉಳಿದವಕ್ಕೂ ತಾಗುತ್ತದೆ. ವ್ಯಾನ್ ನಿಲ್ಲಿಸಲು ಕಾಫಿ ಒಣಗಿಸುವ ಕಣದ ಅಂಚು ಕೇಳಿ, ಇಡೀ ತೋಟದಲ್ಲಿ ಬಟಾಬಯಲು ಅದೊಂದೇ. ಕೊಯ್ಲಿನ ಕಾಲದಲ್ಲಿ ಮಾತ್ರ ಕೇಳಬೇಡಿ, ಆಗ ಕಣದಲ್ಲಿ ನಡೆಯಲೂ ಜಾಗವಿರುವುದಿಲ್ಲ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಪ್ಯಾನೆಲ್ ಮಲಗಿಸಿ ಕೂರಿಸಿದರೂ ನಷ್ಟ ದೊಡ್ಡದಲ್ಲ. ಡಿಸೆಂಬರಿನಲ್ಲಿ ತೆಂಕಣಕ್ಕೆ ಸ್ವಲ್ಪ ವಾಲಿಸಿದರೆ ಒಳ್ಳೆಯದು. ಪಾಚಿ ಒರೆಸುವುದು ಮರೆಯಬೇಡಿ.

• ಜುಲೈನಲ್ಲಿ ಬಿಸಿಲು ಬೇಕಾದರೆ ಪೂರ್ವಕ್ಕೆ ಹೋಗಿ. ಘಾಟಿ ಅಂಚಿನ ಹೆತ್ತೂರು, ಬಿಸಿಲೆಯಲ್ಲಿ ಮಳೆ ಹಿಡಿದು ಕೂತಿರುವ ದಿನವೇ ಆಲೂರು ದಾಟುವಾಗ ಮೋಡ ತೆಳುವಾಗಿರುತ್ತದೆ, ಹಾಸನದಲ್ಲಿ ಒಮ್ಮೊಮ್ಮೆ ಬಿಸಿಲೇ ಇರುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಸಂತೆ, ದಿನಸಿ, ಬಟ್ಟೆ ಒಣಗಿಸುವುದು ಎಲ್ಲವನ್ನೂ ಆ ಓಡಾಟಕ್ಕೇ ಸೇರಿಸಿಕೊಳ್ಳಿ.

• ಓಡಿಸುವಾಗ ಚಾರ್ಜ್ ಆಗಬೇಕಲ್ಲ, ಅದಕ್ಕೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರ್‌ಗೆ ಕಟ್ಟಿದರೆ ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರ್ ಕಾಯುತ್ತದೆ, ಸುಟ್ಟುಹೋಗಲೂಬಹುದು. 30 ಆಂಪಿಯರ್ ಚಾರ್ಜರ್ ಇದ್ದರೆ ಹಾಸನ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ 30 ಎಎಚ್. ನಿಂತಲ್ಲೇ ಇಂಜಿನ್ ಗುರುಗುಟ್ಟಿಸಿ ಚಾರ್ಜ್ ಮಾಡುವುದು ಡೀಸೆಲ್ ದಂಡ. ಇಂಜಿನ್ನಿನ ಬ್ಯಾಟರಿಯಿಂದ ಮನೆಖರ್ಚಿಗೆ ಒಂದು ಬಲ್ಬೂ ಎಳೆಯಕೂಡದು.

• ತೋಟದ ಮನೆಯ ಪ್ಲಗ್ಗಿಗೆ ಹಾಕುವಾಗ ಕೇಳಿ ಹಾಕಿ, ಯೂನಿಟ್ಟಿನ ದುಡ್ಡು ಕೊಡಿ. ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ 170ಕ್ಕೂ ಇಳಿಯುತ್ತದೆ, ಅಷ್ಟರಲ್ಲೂ ಕೆಲಸ ಮಾಡುವ ಚಾರ್ಜರ್ ಕೊಳ್ಳಿ. ಅರ್ಥಿಂಗ್ ಪರೀಕ್ಷಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಕಾಯದೆ ಪಿನ್ ಕಿತ್ತಿಡಿ.

• ವೈರಿನಲ್ಲಿ ಜಿಪುಣತನ ಬೇಡವೇ ಬೇಡ. 1000 ವ್ಯಾಟ್ ಇನ್ವರ್ಟರ್ 12 ವೋಲ್ಟಿನಲ್ಲಿ ಸುಮಾರು ನೂರು ಆಂಪಿಯರ್ ಎಳೆಯುತ್ತದೆ, 35 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿಸಿ. ಫ್ಯೂಸ್ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ. ಇನ್ವರ್ಟರ್ ಅರ್ಧ ಗಂಟೆ ಓಡಿದ ಮೇಲೆ ಒಂದೊಂದು ಜೋಡಣೆಗೂ ಅಂಗೈ ಹಿಂಬದಿ ತಾಗಿಸಿ ನೋಡಿ. ಎಲ್ಲಿ ಬಿಸಿ ತಾಗುತ್ತದೋ ಅಲ್ಲಿ ಕ್ರಿಂಪ್ ಸಡಿಲವಿದೆ. ನಮ್ಮ ತೇವದಲ್ಲಿ ಟರ್ಮಿನಲ್‌ಗೆ ಬೇಗ ಕಿಲುಬು ಹತ್ತುತ್ತದೆ, ಪೆಟ್ರೋಲಿಯಂ ಜೆಲ್ಲಿ ಸವರಿ. ಇಲಿ, ಅಳಿಲು ವೈರ್ ಕಡಿಯುವುದೂ ಉಂಟು.

• ಲಿಥಿಯಂನ ಚಾರ್ಜನ್ನು ವೋಲ್ಟ್ ಮೀಟರಿನಿಂದ ಅಳೆಯಲು ಹೋಗಬೇಡಿ. ಸೀಸದ್ದು ತುಂಬಿದಾಗ 12.7, ಅರ್ಧಕ್ಕೆ 12.2 ಎಂದು ನೇರವಾಗಿ ಹೇಳುತ್ತದೆ. ಲಿಥಿಯಂ ಅರ್ಧಕ್ಕೂ 13.1, ಮುಕ್ಕಾಲಿಗೂ 13.2 ತೋರಿಸಿ ಕೊನೆಗೆ ಒಮ್ಮೆಲೇ ಕತ್ತಲೆ ಮಾಡುತ್ತದೆ. ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸುವ ಶಂಟ್ ಮೀಟರ್ ಬೇಕು.

• ಜನರೇಟರ್ ಬೇಡ ಅನ್ನುವವನು ನಾನು. ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರು ನಸುಕಿಗೇ ಏಳಬೇಕು, ಅವರ ನಿದ್ದೆ ಕೆಡಿಸಬೇಡಿ. ತಂದೇ ತರುವುದಾದರೆ ಕಿಟಕಿಯ ಹತ್ತಿರ, ವ್ಯಾನಿನ ಅಡಿಯಲ್ಲಿ ಓಡಿಸಬಾರದು. ಅದರ ಹೊಗೆಯಲ್ಲಿರುವ ವಿಷ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

• ಬ್ಯಾಟರಿ ಎಷ್ಟೇ ಇಳಿದಿರಲಿ, ಮೊಬೈಲಿನ ಪಾಲು ಉಳಿಸಿ. ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ ಅದಕ್ಕೇ ಬರುವುದು. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಹುಡುಕಿ ಬರುವ ಹಲಸಿನ ಮರದ ಕೆಳಗೆ ವ್ಯಾನ್ ನಿಲ್ಲಿಸಬೇಡಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ.

• ವಾಹನ ಬದಲಿಸಿದ್ದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ.

• ಊರಿಗೆ ಹೋಗಿ ತಿಂಗಳುಗಟ್ಟಲೆ ವ್ಯಾನ್ ನಿಲ್ಲಿಸುವಾಗ ಲಿಥಿಯಂ ಅನ್ನು ಅರ್ಧ ಚಾರ್ಜಿನಲ್ಲಿಟ್ಟು ವೈರ್ ಬಿಚ್ಚಿಡಿ. ಸೀಸದ್ದಾದರೆ ಪೂರ್ತಿ ತುಂಬಿಸಿಡಿ. ಸತ್ತ ಬ್ಯಾಟರಿಯನ್ನು ತೋಟದ ಮೂಲೆಯಲ್ಲಿ ಬಿಟ್ಟು ಹೋಗಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಮರಳಿ ಪಡೆಯುವುದು ತಯಾರಕರ ಹೊಣೆ. ಸೀಸದ್ದನ್ನು ಹಾಸನದ ಅಂಗಡಿಗಳಲ್ಲಿ ಹೊಸದಕ್ಕೆ ಬದಲು ಕೊಟ್ಟು ನಾಲ್ಕು ಕಾಸು ಮುರಿದುಕೊಳ್ಳಬಹುದು.