ಸದಾಪುಷ್ಪದ ಆರೈಕೆ

ಜಮಖಂಡಿ, ಮುಧೋಳ, ಬನಹಟ್ಟಿಗಳ ಬಿರುಬಿಸಿಲಿನಲ್ಲಿ ಗುಲಾಬಿಯು ಬಾಡಿದರೂ ಐದೆಸಳಿನ ಸದಾಪುಷ್ಪವು ಅರಳುತ್ತಲೇ ಇರುವದು. ಮಡಗಾಸ್ಕರ ದ್ವೀಪದಿಂದ ಬಂದ ಈ ಗಿಡಕ್ಕೆ ನೀರಿನ ಕೊರತೆಗಿಂತ ಅದರ ಅತಿಶಯವೇ ಶತ್ರು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುವದು. ಆದುದರಿಂದ ಮರಳನ್ನೂ ಹಳೆಯ ಗೊಬ್ಬರವನ್ನೂ ಬೆರೆಸಿ, ಗೇಣೆತ್ತರದ ಮಡಿಯನ್ನು ಕಟ್ಟತಕ್ಕದ್ದು. ಬೀಜವು ಕತ್ತಲೆಯಲ್ಲಿಯೇ ಚೆನ್ನಾಗಿ ಮೊಳೆಯುವದರಿಂದ ಅದರ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು. ಮೇಲ್ಮಣ್ಣು ಒಣಗಿದ ತರುವಾಯವೇ ನೀರು. ಉದ್ದ ಬೆಳೆದು ಬಡಕಲಾದ ಟೊಂಗೆಗಳನ್ನು ಕತ್ತರಿಸಿದರೆ ಗಿಡವು ಪೊದೆಗಟ್ಟುವದು.

ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವು ದೊರೆತದ್ದು ಈ ಸಾಮಾನ್ಯ ಗಿಡದಿಂದಲೇ. ಆದರೆ ಗಿಡವು ವಿಷವುಳ್ಳದ್ದು. ಸಕ್ಕರೆರೋಗಕ್ಕೆಂದು ಇದರ ಎಲೆಯನ್ನಗಿಯುವ ರೂಢಿಯುಂಟು. ಪಾಲಕರೇ, ಮನೆಯ ಹಿರಿಯರಿಗೆ ತಿಳಿಹೇಳಿ ಅದನ್ನು ದಯಮಾಡಿ ನಿಲ್ಲಿಸಿರಿ. ಕತ್ತರಿಸಿದ ಟೊಂಗೆಗಳನ್ನು ಆಡುಗಳ ಮುಂದೆಯೂ ಚೆಲ್ಲಬಾರದು.